ಮಡಿಲಕ್ಕಿ ಕಟ್ಟಿಕೊಂಡು ಓಡಿದ್ದು

ಬರೆಯಲು ಕೂತಿದ್ದೇ ತಡ, ಬಚ್ಚಲಿಂದ ಮಗಳ ಕೂಗು: “ಅಮ್ಮಾ, ಆಯ್ತು, ತೊಳಿ ಬಾ!” ತೊಳೆದು ಬಂದೆ. ಎರಡನೇ ಸಾಲಿಗೆ ಅತ್ತೆ, “ಹಾಲು ಉಕ್ಕಿದ್ರೆ ನನ್ನ ಕೇಳ್ಬೇಡ” ಅಂದರು. ಒಲೆ ಪಕ್ಕದಲ್ಲೇ ನಿಂತು ಅಂದರು. ನಾನು ಏನೇ ಶುರು ಮಾಡಲಿ, ನಡುವೆ ಯಾರಾದರೂ ಕರೆಯಲೇಬೇಕು. ಟ್ರಯಾಥ್ಲಾನ್ ಮಾಡಿದ ದಿನವೂ ಇದೇ ಕಥೆ.

ವಿಮಾನ ನಿಲ್ದಾಣ ಬಂದ ಮೇಲೆ ನಮ್ಮ ಕಡೆ ದ್ರಾಕ್ಷಿ ತೋಟಗಳೆಲ್ಲ ಕ್ಲಬ್ಬುಗಳಾದವು. ಅಂಥ ಒಂದು ಕ್ಲಬ್ಬಿನ ಈಜುಕೊಳದಲ್ಲಿ ಹೆಂಗಸರು ಬಟ್ಟೆ ಬದಲಿಸುವ ಕೋಣೆ ನೋಡಿಕೊಳ್ಳುವುದು ನನ್ನ ಕೆಲಸ. ಬಾವಿಯಲ್ಲಿ ಈಜು ಕಲಿತವಳು ನಾನು. ನಾನು ಕೊಳದಲ್ಲಿ ಈಜಿದ್ದನ್ನು ನೋಡಿದ ಅಲ್ಲಿನ ಕೋಚ್ ಮೇಡಂ ಒಂದು ದಿನ ಅಂದರು: “ಕೆರೆಯಲ್ಲಿ ಎರಡು ಕಿಲೋಮೀಟರ್ ಈಜು, ತೊಂಬತ್ತು ಕಿಲೋಮೀಟರ್ ಸೈಕಲ್, ಇಪ್ಪತ್ತೊಂದು ಕಿಲೋಮೀಟರ್ ಓಟ. ಸಂಜೆ ಗೇಟು ಹಾಕೋದ್ರೊಳಗೆ ಮುಗಿಸಿ ಪದಕ ತಗೊಂಡು ಬಾ. ಆ ಕೋಣೆಯಿಂದ ಎಬ್ಬಿಸಿ, ಹೆಂಗಸರಿಗೆ ಈಜು ಕಲಿಸೋಕೆ ಹಾಕಿಸ್ತೀನಿ.”

ಎಸ್ಸೆಸ್ಸೆಲ್ಸಿ ಆದ ಮೇಲೆ ನನ್ನನ್ನು ಯಾರೂ ಯಾವುದಕ್ಕೂ ಆರಿಸಿರಲಿಲ್ಲ, ಮದುವೆಗೆ ಬಿಟ್ಟರೆ. ಹೂಂ ಅಂದುಬಿಟ್ಟೆ.

ಬಸ್ಸು

ಬೆಳಗ್ಗೆ ನಮ್ಮ ಪಕ್ಕದೂರು ವಿಜಯಪುರದ ರಸ್ತೆಯಲ್ಲಿ ಓಡುವ ಅಭ್ಯಾಸ ಶುರು ಮಾಡಿದೆ. ಮೊದಲ ದಿನವೇ ಹಿಂದಿನಿಂದ ಬಂದ ಸರ್ಕಾರಿ ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ, “ಬೇಗ ಹತ್ತಮ್ಮ, ನಿನಗೋಸ್ಕರ ನಿಲ್ಸಿದೀನಿ” ಅಂದ.

“ನಾನು ಬರಲ್ಲ ಅಣ್ಣ.”

“ಮತ್ತೆ ಓಡ್ತಿದ್ಯಲ್ಲ?”

“ಸುಮ್ಮನೆ ಓಡ್ತಿದೀನಿ.”

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ಇಣುಕಿ ನನ್ನನ್ನು ಅಯ್ಯೋ ಪಾಪ ಅನ್ನುವಂತೆ ನೋಡಿದರು. ಒಬ್ಬ ಅಜ್ಜಿ, “ಗಂಡ ಹೊಡೆದನೇನವ್ವ?” ಅಂತಲೂ ಕೇಳಿದಳು.

ಆ ವಾರವೇ ಮಗಳಿಗೆ ಜ್ವರ ಬಂತು. ಅವಳನ್ನು ಸೊಂಟಕ್ಕೆ ಹಾಕಿಕೊಂಡು ಅದೇ ಬಸ್ಸಿನ ಹಿಂದೆ ನಿಜವಾಗಿಯೂ ಓಡಿದೆ. ಕಂಡಕ್ಟರು ಕೈಯಾಡಿಸಿ ಕೂಗಿದ: “ಓಡಮ್ಮ, ಓಡು! ಇವತ್ತು ತೂಕ ಬೇರೆ ಇಟ್ಕೊಂಡಿದೀಯಾ, ಭೇಷ್!”

ನಿಂತಲ್ಲೇ ಸೈಕಲ್ಲು

ಕ್ಲಬ್ಬಿನಿಂದ ಕಡ ತಂದ ಸೈಕಲ್ಲಿಗೆ ಒಂದು ಸ್ಟ್ಯಾಂಡು ಇತ್ತು. ಹಿಂದಿನ ಚಕ್ರ ಅದಕ್ಕೆ ಸಿಗಿಸಿದರೆ ಮನೆಯ ಜಗಲಿಯಲ್ಲೇ ಎಷ್ಟು ಬೇಕಾದರೂ ತುಳಿಯಬಹುದು. ನಮ್ಮತ್ತೆ ಇಪ್ಪತ್ತು ವರ್ಷ ರಾಟೆ ತಿರುಗಿಸಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚಿದವರು. ಕಂಬಕ್ಕೆ ಒರಗಿ ಬಹಳ ಹೊತ್ತು ನೋಡಿದರು.

“ಎಲ್ಲಿಗೆ ಹೋದೆ ಈಗ?”

“ಎಲ್ಲಿಗೂ ಇಲ್ಲ ಅತ್ತೆ.”

“ಏನಾದ್ರೂ ರುಬ್ಬಿತಾ?”

“ಇಲ್ಲ.”

“ಥೂ, ದಂಡ.”

ಮಾರನೆಯ ದಿನ ಸೈಕಲ್ ಹತ್ತಿ ಕಾಲು ಆಡಿಸಿದೆ, ಯಾಕೋ ಬಿಗಿ. ತಿರುಗಿ ನೋಡಿದರೆ ಹಿಂದಿನ ಚಕ್ರಕ್ಕೆ ರೇಷ್ಮೆ ನೂಲು ಕಟ್ಟಿದೆ, ಪಕ್ಕದಲ್ಲಿ ಮಣೆ ಹಾಕಿಕೊಂಡು ಅತ್ತೆ ಕೂತಿದ್ದಾರೆ. “ನಿಧಾನಕ್ಕೆ ತುಳಿ, ಎಳೆ ಕಿತ್ತೋಗುತ್ತೆ” ಅಂದರು.

ಬೀಗದ ಕೈ

ಸ್ಪರ್ಧೆಯ ದಿನ ಕೆರೆ ದಡದಲ್ಲಿ ಕೋಚ್ ಮೇಡಂ ನನ್ನ ಎರಡೂ ಭುಜ ಹಿಡಿದು ನಿಯಮ ಹೇಳಿದರು: “ದಾರೀಲಿ ಹೊರಗಿನೋರು ಏನು ಕೊಟ್ರೂ ಮುಟ್ಬೇಡ. ಸ್ಪರ್ಧೆಯೋರ ಮೇಜಿನ ಮೇಲಿರೋದು ಮಾತ್ರ. ಬೇರೆ ಸಹಾಯ ತಗೊಂಡ್ರೆ ಪದಕ ಇಲ್ಲ, ಪದಕ ಇಲ್ದಿದ್ರೆ ಕೆಲಸವೂ ಇಲ್ಲ.”

ನೀರಿಗೆ ಬಿದ್ದೆ. ಉಳಿದವರು ಮುಖ ಮುಳುಗಿಸಿ ಮೀನಿನ ಹಾಗೆ ಹೋದರು. ನನ್ನದು ಬಾವಿ ಈಜು, ತಲೆ ನೀರಿನ ಮೇಲೆಯೇ ಇರುತ್ತದೆ. ಅದೇ ತಪ್ಪಾಯಿತು. ಕೆರೆ ನಡುವೆ ಇದ್ದಾಗ ದಡದಿಂದ ಅತ್ತೆಯ ದನಿ ಬಂತು: “ಏನೇ! ಮನೆ ಬೀಗದ ಕೈ ಎಲ್ಲಿಟ್ಟೆ?”

ಕೇಳಿಸದವಳ ಹಾಗೆ ಈಜಿದೆ. “ಕಿವಿ ಮೇಲಿದೆ, ಕೇಳಿಸ್ತಾ ಇದೆ ಅಂತ ಗೊತ್ತು!” ಅಂದರು.

“ತುಳಸಿಕಟ್ಟೆ ಹಿಂದೆ!” ಅಂತ ಕಿರುಚಿದೆ. ಇಡೀ ಕೆರೆಗೆ ಗೊತ್ತಾಯಿತು. ಕಳ್ಳರು ನನಗಿಂತ ಮೊದಲು ಮನೆ ಸೇರಿಬಿಟ್ಟರೆ ಅನ್ನೋ ಭಯಕ್ಕೆ, ಹಿಂದಿದ್ದ ನಾನು ಐದಾರು ಜನರನ್ನು ದಾಟಿ ದಡ ಹತ್ತಿದೆ.

ಸೂಲಿಬೆಲೆಯಮ್ಮ

ಸೈಕಲ್ ದಾರಿ ಸೂಲಿಬೆಲೆ ಕಡೆ ಹೋಗಿ ವಾಪಸ್ಸು ಬರುತ್ತದೆ. ನಮ್ಮ ಮಾವನ ತಂಗಿ ಇರೋದು ಅಲ್ಲೇ, ರಸ್ತೆ ಪಕ್ಕದ ಮನೆ. ಅವರನ್ನು ನಾವು ಸೂಲಿಬೆಲೆಯಮ್ಮ ಅಂತಲೇ ಕರೆಯೋದು. ದೂರದಿಂದಲೇ ಕಂಡರು: ರಸ್ತೆ ನಡುವೆ, ಕೈಯಲ್ಲಿ ತಟ್ಟೆ. ಬ್ರೇಕ್ ಹಾಕದೆ ಗತಿಯಿಲ್ಲ.

“ನಿಂತ್ರೆ ಸೋಲ್ತೀನಿ, ಬಿಡಿ ಅಮ್ಮಾ!”

“ಮನೆ ಮುಂದೆ ಹೋಗೋ ಮುತ್ತೈದೆ ಸೊಸೆನ ಬರಿಗೈಲಿ ಕಳ್ಸಿದ್ರೆ ಊರೋರು ನನ್ನ ಮುಖಕ್ಕೆ ಉಗೀತಾರೆ. ಇಳಿ, ಪೂರ್ವಕ್ಕೆ ತಿರುಗು, ಸೆರಗು ಒಡ್ಡು.”

“ಈ ಬಟ್ಟೆಗೆ ಸೆರಗಿಲ್ಲಮ್ಮ.”

ನನ್ನ ಬಿಗಿ ಚಡ್ಡಿಯನ್ನು ಮೇಲಿಂದ ಕೆಳಗೆ ನೋಡಿದರು. ಗಂಡನ ಹೆಗಲ ಟವಲು ಕಿತ್ತುಕೊಂಡು ಅದರಲ್ಲಿ ಅಕ್ಕಿ, ಕೊಬ್ಬರಿ, ಅಚ್ಚು ಬೆಲ್ಲ, ಎಲೆ ಅಡಿಕೆ, ರವಿಕೆ ಕಣ ಸುರಿದು ನನ್ನ ಸೊಂಟಕ್ಕೆ ಬಿಗಿದರು. ಹಣೆಗೆ ಕುಂಕುಮ ಇಟ್ಟು, “ಮನೆ ಸೇರೋವರೆಗೂ ಬಿಚ್ಬೇಡ” ಅಂದರು.

ಮಡಿಲಕ್ಕಿ ದಾರಿಯಲ್ಲಿ ಬಿಸಾಡುವಷ್ಟು ಧೈರ್ಯ ನನಗಿರಲಿಲ್ಲ. ಸೈಕಲ್ ಮುಗಿಸಿ ಅದನ್ನು ಹೊತ್ತೇ ಓಡಿದೆ. ಟವಲಿನ ಮೂಲೆಯಿಂದ ಅಕ್ಕಿ ಉದುರುತ್ತಿತ್ತು. ಎಲ್ಲರೂ ಮುಂದೆ ಹೋಗಿಬಿಟ್ಟಿದ್ದಾರೆ, ನಾನೇ ಕೊನೆ ಅಂತ ಅಳು ಬರುತ್ತಿದ್ದಾಗ ಹಿಂದೆ ಏನೋ ಸದ್ದು. ನೋಡಿದರೆ ನಾಲ್ಕು ಕೋಳಿ. ಸದ್ಯ, ಕೊನೆಯವಳಲ್ಲ.

ಗೇಟಿನ ಹತ್ತಿರ

ಗೇಟು ಎಳೆಯಲು ಕೈ ಹಾಕಿದ್ದರು, ಸಂದಿಯಲ್ಲಿ ನುಗ್ಗಿದೆ. ಅತ್ತೆ ಮಗಳನ್ನು ಎತ್ತಿಕೊಂಡು ಕುಣಿಯುತ್ತಿದ್ದರು. ಕೋಚ್ ಮೇಡಂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಪದಕ ಹಿಡಿದಿದ್ದ ತೀರ್ಪುಗಾರರ ಕಣ್ಣು ಮಾತ್ರ ನನ್ನ ಸೊಂಟದ ಮೇಲೆ.

“ಏನಮ್ಮ ಇದು?”

“ಮಡಿಲಕ್ಕಿ ಸಾರ್.”

“ದಾರೀಲಿ ಯಾರೋ ಕೊಟ್ರಾ? ಹೊರಗಿನ ಸಹಾಯ ತಗೊಂಡಂಗಾಯ್ತು. ಪದಕ ಕೊಡೋಕಾಗಲ್ಲ.”

ನಾನು ಈಜು ಕಲಿಸಬೇಕಿದ್ದ ಕೊಳದ ನೀರು ಕಣ್ಣೆದುರೇ ಇಂಗಿದ ಹಾಗಾಯಿತು. ಆಗ ಅತ್ತೆ ಮಗಳನ್ನು ಕೆಳಗಿಳಿಸಿ, ನನ್ನ ಸೊಂಟದ ಗಂಟು ಬಿಚ್ಚಿ ತೀರ್ಪುಗಾರರ ಕೈಗೆ ಹಾಕಿದರು.

“ಇದನ್ನ ಸೊಂಟಕ್ಕೆ ಕಟ್ಕೊಂಡು ಆ ಕಂಬ ಮುಟ್ಟಿ ಓಡ್ಬನ್ನಿ ಸ್ವಾಮಿ. ಆಮೇಲೆ ಸಹಾಯನೋ ಏನೋ ಹೇಳಿ.”

ಅವರು ತೂಗಿ ನೋಡಿದರು. ಹುಬ್ಬು ಮೇಲೆ ಹೋಯಿತು. “ಇದರಲ್ಲಿ ಏನಾದ್ರೂ ತಿಂದ್ರಾ?”

“ಇಲ್ಲ ಸಾರ್, ಮನೆ ಸೇರೋವರೆಗೂ ಬಿಚ್ಚೋ ಹಂಗಿಲ್ಲ.”

“ನಿಮ್ಮ ಬಾಯಲ್ಲೇ ಹೇಳಿ. ಇದರಿಂದ ನಿಮಗೆ ಏನಾದ್ರೂ ಅನುಕೂಲ ಆಯ್ತಾ?”

“ಅನುಕೂಲನಾ? ದೇವರಾಣೆಗೂ ಇಲ್ಲ ಸಾರ್. ಬರೀ ಭಾರ. ಸೊಂಟ ಬಿದ್ದೋಯ್ತು!”

ಅವರು ನಕ್ಕುಬಿಟ್ಟರು. “ಭಾರ ಹೊತ್ತಿದ್ದಕ್ಕೆ ಶಿಕ್ಷೆ ಹಾಕೋ ನಿಯಮ ಇಲ್ಲ” ಅಂತ ಪದಕದ ದಾರ ಅಗಲ ಮಾಡಿ ನನ್ನ ತಲೆಗೆ ಹಾಕಿದರು. ದಾರ ಕಿವಿವರೆಗೆ ಬಂದಿತ್ತು, ಕೊರಳಿಗೆ ಇನ್ನೂ ಇಳಿದಿರಲಿಲ್ಲ. ಅಷ್ಟರಲ್ಲಿ, ನನ್ನ ಗೆಲುವು ನೋಡಲೆಂದು ಆಟೋ ಮಾಡಿಕೊಂಡು ಬಂದು ಆಗಲಿಂದ ನನ್ನ ಬೆನ್ನ ಹಿಂದೆಯೇ ನಿಂತಿದ್ದ ಸೂಲಿಬೆಲೆಯಮ್ಮ ಕೇಳಿದರು:

“ಏನಂದೆ? ನಾನು ತುಂಬಿದ ಮಡಿಲಕ್ಕಿ ನಿನಗೆ ಭಾರ ಆಯ್ತೇನೇ?”