ನಮ್ಮ ರಗ್ಬಿ ತಂಡದ ಮೊದಲ ಮೂರು ಪಂದ್ಯಗಳು

ನನಗೆ ‘ಆಗುವುದಿಲ್ಲ’ ಎನ್ನಲು ಬರುವುದಿಲ್ಲ. ಇದನ್ನು ಸೌಜನ್ಯ ಎಂದು ಹಲವರು ತಪ್ಪು ತಿಳಿದಿದ್ದಾರೆ. ನನ್ನ ಹೆಂಡತಿ ಮಾತ್ರ ಹೇಡಿತನ ಎಂದು ಸರಿಯಾಗಿಯೇ ತಿಳಿದಿದ್ದಾಳೆ. ಈ ಒಂದು ಕೊರತೆಯಿಂದಾಗಿ ನಾನು ಯಾರದೋ ಮದುವೆಯಲ್ಲಿ ಪಂಚೆ ಎತ್ತಿ ಕಟ್ಟಿ ಸಾರು ಬಡಿಸಿದ್ದೇನೆ, ಪರಿಚಯವೇ ಇಲ್ಲದವರ ಕಡೆಯವನಾಗಿ ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿಂದು ಬಂದಿದ್ದೇನೆ. ಎಂಬತ್ತರ ದಶಕದ ಆರಂಭದಲ್ಲಿ, ಪೀಣ್ಯದ ಕಾರ್ಖಾನೆಗಳ ನಡುವಿನ ಒಂದು ಸಣ್ಣ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಹೇಳಿಕೊಂಡಿದ್ದ ನಾನು ರಗ್ಬಿ ಕೋಚ್ ಆದದ್ದೂ ಹೀಗೆಯೇ. ಇದನ್ನು ತಮಾಷೆಯ ಕಥೆಯೆಂದು ಹೇಳಿಕೊಂಡು ಇಷ್ಟು ವರ್ಷ ಕಳೆದಿದ್ದೇನೆ. ಕೇಳಿದವರು ನಕ್ಕು ಎದ್ದು ಹೋದ ಮೇಲೆ ನನಗೆ ಮಾತ್ರ ಆ ಹೊತ್ತಿನ ಊಟ ಸೇರುವುದಿಲ್ಲ.

ನಮ್ಮ ಪ್ರಿನ್ಸಿಪಾಲರು ಗಣಿತದವರು. ಒಂದು ದಿನ ನನ್ನನ್ನು ಕರೆಸಿ ಕೂರಿಸಿದರು. “ನೋಡಿ, ಕ್ರಿಕೆಟ್ ಆಡೋಕೆ ಊರು ತುಂಬ ಕಾಲೇಜಿದೆ. ರಗ್ಬಿಗೆ ಇರೋದು ಮೂರೇ ಮೂರು. ನಾವು ಸೇರಿದ್ರೆ ನಾಲ್ಕು. ಎಲ್ಲಾ ಮ್ಯಾಚೂ ಸೋತ್ರೂ ನಾಲ್ಕನೇ ಸ್ಥಾನ ಕಣ್ರೀ! ಬೋರ್ಡ್ ಮೇಲೆ ಬರೆಸಬಹುದು” ಎಂದರು. ಲೆಕ್ಕದಲ್ಲಿ ತಪ್ಪಿರಲಿಲ್ಲ. “ಕೋಚ್ ಯಾರು ಸಾರ್?” ಎಂದು ಕೇಳಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀವು ಎತ್ತರವಾಗಿದ್ದೀರಲ್ಲ” ಎಂದರು. ಜೊತೆಗೆ ಒಂದು ಇಂಗ್ಲಿಷ್ ಪುಸ್ತಕವನ್ನೂ ಮೊಟ್ಟೆಯಾಕಾರದ ಚೆಂಡನ್ನೂ ಕೊಟ್ಟರು. ಪುಸ್ತಕದ ಮಧ್ಯದ ಹಾಳೆಗಳನ್ನು ಗೆದ್ದಲು ನನಗಿಂತ ಮೊದಲೇ ಓದಿ ಮುಗಿಸಿತ್ತು. ಚೆಂಡನ್ನು ಮನೆಗೆ ಒಯ್ದಾಗ ಹೆಂಡತಿ ಅದನ್ನು ತಿರುಗಿಸಿ ನೋಡಿ, “ಇದು ನೆಲದ ಮೇಲೆ ಒಂದು ಕಡೆ ನಿಲ್ಲಲ್ಲ, ನಿಮಗೇ ಸರಿ” ಎಂದಳು.

ಹದಿನೈದು ಆಟಗಾರರು ಬೇಕಾಗಿತ್ತು. ಕಾಲೇಜಿನಲ್ಲಿ ಮೈಯಲ್ಲಿ ಕಸುವಿದ್ದವರೆಂದರೆ ಕಬಡ್ಡಿ ಹುಡುಗರು ಮಾತ್ರ. ಲಗ್ಗೆರೆ, ಪೀಣ್ಯದ ಹಳ್ಳಿಗಳಲ್ಲಿ ನಡೆಯಲು ಕಲಿಯುವಾಗಲೇ ಕಬಡ್ಡಿ ಕಲಿತವರು. ಅವರನ್ನೆಲ್ಲ ಒಟ್ಟು ಮಾಡಿ, ಕಡಿಮೆ ಬಿದ್ದ ಜಾಗಕ್ಕೆ ಹಾಜರಾತಿ ಕಡಿಮೆಯಿದ್ದ ಮೂವರನ್ನು ಹೆದರಿಸಿ ಸೇರಿಸಿದೆ. ನಮ್ಮ ಮೈದಾನ ಎರಡು ಕಾರ್ಖಾನೆಗಳ ನಡುವಿನ ಬಯಲು. ಅಲ್ಲಿ ಹುಲ್ಲಿಗಿಂತ ಹೆಚ್ಚಾಗಿ ಲೇತ್ ಯಂತ್ರಗಳಿಂದ ಉದುರಿದ ಕಬ್ಬಿಣದ ಸುರುಳಿ ಚೂರುಗಳಿದ್ದವು. ದಿನವೂ ಅಭ್ಯಾಸಕ್ಕೆ ಮೊದಲು ಹುಡುಗರು ಭೌತಶಾಸ್ತ್ರ ಲ್ಯಾಬಿನ ಅಯಸ್ಕಾಂತಗಳಿಗೆ ದಾರ ಕಟ್ಟಿ ಮೈದಾನದ ಉದ್ದಕ್ಕೂ ಎಳೆದುಕೊಂಡು ಓಡಾಡುತ್ತಿದ್ದರು. ಶಿಫ್ಟು ಬಿಟ್ಟ ಕಾರ್ಮಿಕರು ಊಟದ ಡಬ್ಬಿ ಹಿಡಿದು ನಿಂತು ನೋಡುತ್ತಿದ್ದರು. “ಚೆಂಡು ಮುಂದಕ್ಕೆ ಹೋಗ್ಬೇಕು, ಆದ್ರೆ ಹಿಂದಕ್ಕೇ ಎಸೀಬೇಕಂತೆ ಗುರು” ಎಂದು ಒಬ್ಬ ಇನ್ನೊಬ್ಬನಿಗೆ ವಿವರಿಸಿದಾಗ, ಆ ಇನ್ನೊಬ್ಬ ನನ್ನ ಕಡೆ ನೋಡಿ, “ಪಾಪ, ಮೇಷ್ಟ್ರು” ಎಂದದ್ದು ನನಗೆ ಕೇಳಿಸಿತು.

ತಂಡದ ನಾಯಕ ಲಗ್ಗೆರೆಯ ಮುನಿರಾಜು, ಕೊನೆಯ ವರ್ಷದ ಬಿ.ಎ. ಅವನಿಗೆ ನಾಲ್ಕನೇ ಸ್ಥಾನ ಬೇಕಾಗಿರಲಿಲ್ಲ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕ್ರೀಡಾಪಟುಗಳಿಗೆಂದು ಕಾದಿರಿಸಿದ ಒಂದೆರಡು ಕೆಲಸಗಳಿದ್ದವು. ಅರ್ಜಿಯ ಜೊತೆ, ಅಂತರ ಕಾಲೇಜು ಪಂದ್ಯದಲ್ಲಿ ಗೆದ್ದ ತಂಡಕ್ಕೆ ಆಡಿದ್ದಾನೆಂಬ ಸರ್ಟಿಫಿಕೇಟು ಇಡಬೇಕು. ಕಬಡ್ಡಿಯಲ್ಲಿ ಇವನ ಹಾಗೆ ನೂರು ಜನರಿದ್ದರು. ರಗ್ಬಿಯಿಂದ ಅರ್ಜಿ ಹಾಕುವವರು ಯಾರೂ ಇರಲಿಲ್ಲ. ಲೀಗಿನ ಮೊದಲ ಸುತ್ತಿನ ಮೂರು ಪಂದ್ಯ ಮುಗಿದ ಮಾರನೆಯ ದಿನವೇ ಅರ್ಜಿಗೆ ಕೊನೆಯ ದಿನ. “ಒಂದೇ ಒಂದು ಗೆದ್ರೆ ಸಾಕು ಸಾ. ಅಪ್ಪ ಇಪ್ಪತ್ತು ವರ್ಸದಿಂದ ಅದೇ ಗೇಟ್ನಾಗೆ ವಾಚ್‌ಮನ್ನು. ನಾನು ಆ ಗೇಟ್ ಒಳೀಕ್ಕೋಗ್ಬೇಕು, ಅಷ್ಟೇಯ” ಎಂದು ಅವನು ಹೇಳಿದಾಗ ನಾನು ಧಾರಾಳವಾಗಿ ಅವನ ಬೆನ್ನು ತಟ್ಟಿದೆ. ಬೆನ್ನು ತಟ್ಟಲು ಆಟ ತಿಳಿದಿರಬೇಕಾಗಿಲ್ಲ.

ಮೊದಲ ಪಂದ್ಯ ಶುರುವಾಗಿ ಹತ್ತು ನಿಮಿಷವಾಗಿರಬೇಕು. ನಮ್ಮ ನಾಲ್ವರು ಮೈದಾನದ ಹೊರಗೆ ಸಾಲಾಗಿ ಕೂತಿದ್ದರು. ಗಾಯವಾಯಿತೆಂದು ಓಡಿದೆ. ಎಲ್ಲರೂ ಕಲ್ಲುಗುಂಡಿನ ಹಾಗಿದ್ದರು. “ಏನ್ರೋ ಇದು?” ಎಂದೆ. “ಔಟಾದ್ವಿ ಸಾ. ಇಡ್ಕಂಬುಟ್ರು” ಎಂದ ಒಬ್ಬ, ತಲೆ ತಗ್ಗಿಸಿ. ಎದುರಾಳಿ ಹಿಡಿದು ಕೆಡವಿದ ಕೂಡಲೇ ನಮ್ಮ ಹುಡುಗರು ಚೆಂಡನ್ನು ಮರ್ಯಾದೆಯಿಂದ ಅವರ ಕೈಗೇ ಕೊಟ್ಟು ಹೊರನಡೆಯುತ್ತಿದ್ದರು. ಅಷ್ಟರಲ್ಲಿ ಮುನಿರಾಜು ಎದುರಾಳಿಯೊಬ್ಬನನ್ನು ಕೆಡವಿದ. ಕೂತಿದ್ದವರಲ್ಲಿ ಮೊದಲನೆಯವನು ಧಿಗ್ಗನೆ ಎದ್ದು ಖುಷಿಯಿಂದ ಒಳಗೆ ಓಡಿದ. ಒಬ್ಬ ಎದುರಾಳಿ ಔಟಾದರೆ ನಮ್ಮವನೊಬ್ಬ ವಾಪಸ್ಸು ಬರಬೇಕಲ್ಲ! ರೆಫರಿ ಮಿಲಿಟರಿಯಿಂದ ನಿವೃತ್ತರಾದವರು, ದೊಡ್ಡ ಮೀಸೆ. ವಿರಾಮದಲ್ಲಿ ನನ್ನ ಹತ್ತಿರ ಬಂದು, “ಸಾರ್, ನಿಮ್ಮ ಟೀಮಲ್ಲಿ ಒಳಗಿರೋದು ಆರೇ ಜನ. ಇದು ಯಾವ ಪ್ಲ್ಯಾನು?” ಎಂದು ನಿಜವಾದ ಕುತೂಹಲದಿಂದ ಕೇಳಿದರು. ನಾನು ಪ್ಲ್ಯಾನು ಇರುವವನ ಹಾಗೆ ಮುಗುಳ್ನಕ್ಕೆ. ಎಷ್ಟು ಅಂಕದಿಂದ ಸೋತೆವೆಂದು ಇಲ್ಲಿ ಬರೆಯುವುದಿಲ್ಲ; ಅವರ ಕಡೆ ಅಂಕ ಬರೆಯುತ್ತಿದ್ದವನು ಇನ್ನೊಂದು ಸೀಮೆಸುಣ್ಣ ತರಲು ಎದ್ದು ಹೋಗಿದ್ದ.

ಮಾರನೆಯ ದಿನದಿಂದ ನನ್ನದು ಒಂದೇ ಪಾಠ: ಕಬಡ್ಡಿ ಮರೆಯಿರಿ. ಕ್ಲಾಸಿನಲ್ಲೂ ಕಾರಿಡಾರಿನಲ್ಲೂ ಬಸ್ ಸ್ಟ್ಯಾಂಡಿನಲ್ಲೂ ಅದನ್ನೇ ಬೈದೆ. ಎರಡನೆಯ ಪಂದ್ಯದಲ್ಲಿ ಯಾರೂ ಹೊರಗೆ ಬಂದು ಕೂರಲಿಲ್ಲ. ಆದರೆ ಚೆಂಡು ಹಿಡಿದು ಓಡುವವನು ಒಂದೇ ಉಸಿರಿನಲ್ಲಿ “ಕಬಡ್ಡಿ ಕಬಡ್ಡಿ” ಎಂದು ಗೊಣಗುತ್ತಾ ಓಡುತ್ತಿದ್ದ. ಉಸಿರು ಮುಗಿದ ಕಡೆ ನಿಂತುಬಿಡುತ್ತಿದ್ದ. ಮೊದಲ ದಿನದ ಅರ್ಧದಷ್ಟು ಅಂಕದಿಂದ ಸೋತೆವು. ಪ್ರಿನ್ಸಿಪಾಲರು ಇದನ್ನು ಐವತ್ತು ಪರ್ಸೆಂಟ್ ಪ್ರಗತಿ ಎಂದರು. ಮುನಿರಾಜು ಮೈದಾನದಲ್ಲಿ ಒಬ್ಬನೇ ಉಳಿದು, ಬಾಯಿ ಬಿಟ್ಟು ಉಸಿರಾಡುತ್ತಾ ಓಡುವುದನ್ನು ಅಭ್ಯಾಸ ಮಾಡುತ್ತಿದ್ದ. ಹುಟ್ಟಿದಾಗಿನಿಂದ ಬಂದದ್ದನ್ನು ಬಿಡಲು ಅವನು ಪಡುತ್ತಿದ್ದ ಪಾಡು ನೋಡಿ ನನಗೆ ಸಂಕಟವಾಯಿತು.

ಮೂರನೆಯ ಪಂದ್ಯದಲ್ಲಿ ನಮ್ಮ ಹುಡುಗರು ಆಡಿದರು. ನಾನು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ರಗ್ಬಿ ಆಡಿದರು. ಬಿದ್ದವರು ಎದ್ದರು, ಉಸಿರಾಡಿದರು, ಚೆಂಡನ್ನು ಹಿಂದಕ್ಕೆ ಎಸೆದರು. ಎದುರಾಳಿಗಳಿಗೆ ಒಂದು ಪೆನಾಲ್ಟಿಯಿಂದ ಮೂರು ಅಂಕ ಬಂದಿತ್ತು, ಅಷ್ಟೇ; ನಮ್ಮದು ಇನ್ನೂ ಸೊನ್ನೆ. ಅವರ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ನಮಗೆ ನಾಲ್ಕು. ಆಟ ಮುಗಿಯಲು ಒಂದು ನಿಮಿಷವೂ ಇರಲಿಲ್ಲ. ಆಗ ಮುನಿರಾಜುವಿಗೆ ಚೆಂಡು ಸಿಕ್ಕಿತು. ಒಬ್ಬನನ್ನು ತಪ್ಪಿಸಿದ, ಇಬ್ಬರನ್ನು ಕೊಡವಿ ಬಿಟ್ಟ, ಗೆರೆ ದಾಟಿಯೇಬಿಟ್ಟ. ಹತ್ತಿರದಲ್ಲಿ ಯಾರೂ ಇರಲಿಲ್ಲ. ಅವನು ಬಗ್ಗಬೇಕಿತ್ತು, ಅಷ್ಟೇ ಬಾಕಿ.

ನಾನು ಆನೇಕಲ್ಲಿನ ಹೈಸ್ಕೂಲಿನಲ್ಲಿ ಕಬಡ್ಡಿ ತಂಡದಲ್ಲಿದ್ದವನು. ಇದನ್ನು ಆ ಕ್ಷಣದವರೆಗೆ ನಾನೇ ಮರೆತಿದ್ದೆ. ಕಬಡ್ಡಿಯಲ್ಲಿ ಎದುರಾಳಿಯ ಗೆರೆ ಮುಟ್ಟಿದವನು ಬದುಕಿ ಬರಬೇಕಾದರೆ ತನ್ನ ಕಡೆಗೆ ವಾಪಸ್ಸು ಓಡಬೇಕು. ಮುನಿರಾಜುವಿನ ಹಿಂದಿನಿಂದ ಎದುರಾಳಿಗಳು ನುಗ್ಗುತ್ತಿದ್ದುದು ಕಂಡಿತು. ನನ್ನ ಹೊಟ್ಟೆಯೊಳಗಿನಿಂದ ಯಾವುದೋ ಹಳೆಯ ಗಂಟಲು ಕೂಗಿತು: “ಬಾರೋ! ವಾಪಸ್ ಬಾ! ಓಡಿ ಬಾರೋ!”

ಮುನಿರಾಜು ತಲೆ ಎತ್ತಿ ನನ್ನನ್ನು ನೋಡಿದ. ಒಂದು ಗಳಿಗೆ ಅನುಮಾನಿಸಿದ. ಆಮೇಲೆ ಚೆಂಡನ್ನು ಅವಚಿಕೊಂಡು ತಿರುಗಿ, ಎದುರಿಗೆ ಬರುತ್ತಿದ್ದ ನಾಲ್ವರೊಳಗೆ ನೇರವಾಗಿ ಓಡಿದ. ಅವರೆಲ್ಲ ಅವನ ಮೇಲೆ ಬಿದ್ದರು. ರೆಫರಿ ಸೀಟಿ ಊದಿದರು, ಪಂದ್ಯ ಮುಗಿಯಿತು.

ಅವನು ನನ್ನನ್ನು ಬೈಯಲಿ ಎಂದು ಕಾದು ನಿಂತೆ. ಹುಡುಗರೆಲ್ಲ ಬೈದರೂ ತಡೆದುಕೊಳ್ಳಲು ತಯಾರಿದ್ದೆ. ಅವನು ತುಟಿಯ ರಕ್ತ ಒರೆಸಿಕೊಂಡು ಬಂದು, “ನನ್ಗೂ ಗೊತ್ತಿತ್ತು ಸಾ, ಅಲ್ಲೇ ಒತ್ಬೇಕು ಅಂತ. ನೀವು ಕರುದ್ರಲ್ಲ. ಮೇಷ್ಟ್ರು ಸುಮ್ಕೆ ಕರೆಯಾಕಿಲ್ಲ, ಏನೋ ಇರ್ತೈತೆ ಅಂದ್ಕಂಡೆ” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಏನಾದರೂ ಇತ್ತೇನೋ, ನಾನು ಈಗ ಹೇಳುತ್ತೇನೇನೋ ಎಂದು ಅವನು ಸ್ವಲ್ಪ ಹೊತ್ತು ಕಾದ. ನಾನು ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದೆ.

ಪ್ರಿನ್ಸಿಪಾಲರು ತಂಡದ ಸಾಧನೆ ಮತ್ತು ಮುಂದಿನ ಸಾಧ್ಯತೆಗಳ ಬಗ್ಗೆ ವರದಿ ಕೇಳಿದರು. “ಸೋಲಿಗೆ ಕಾರಣ: ಆಟಗಾರರಿಗೆ ನಿಯಮಗಳ ಪರಿಚಯ ಸಾಲದು. ಮುಂದೆ ಸುಧಾರಿಸುವ ಲಕ್ಷಣಗಳಿವೆ” ಎಂದು ಬರೆದು ಸಹಿ ಹಾಕಿದೆ. ಅಕ್ಷರಗಳು ಎಂದಿನಂತೆ ದುಂಡಗೆ ಬಂದವು. ಅರ್ಜಿಯ ಕೊನೆಯ ದಿನವೂ ಕಳೆಯಿತು.

ಒಂದು ವಾರದ ನಂತರ ಮುನಿರಾಜು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ. ಪೀಣ್ಯದ ಯಾವುದೋ ಸಣ್ಣ ವರ್ಕ್‌ಶಾಪಿನಲ್ಲಿ ಹಂಗಾಮಿ ಹೆಲ್ಪರ್ ಕೆಲಸವಿತ್ತಂತೆ. ಮಾಲೀಕರು ಗೊತ್ತಿದ್ದವರಿಂದ ನಡತೆಯ ಬಗ್ಗೆ ಎರಡು ಸಾಲು ಬರೆಸಿಕೊಂಡು ಬಾ ಎಂದಿದ್ದರಂತೆ. “ಏನಾದ್ರೂ ಬರ್ಕೊಡಿ ಸಾ” ಎಂದ. ಕಾಗದ ತೆಗೆದುಕೊಂಡು, “ಈತ ಗುರುಗಳ ಮಾತನ್ನು ಎಂದೂ ಮೀರಿದವನಲ್ಲ” ಎಂದು ಬರೆದುಕೊಟ್ಟೆ. ಆ ವರ್ಷ ನಾನು ಸಹಿ ಹಾಕಿದ ಕಾಗದಗಳಲ್ಲೆಲ್ಲ ಪೂರ್ತಿ ನಿಜವಿದ್ದದ್ದು ಅದೊಂದರಲ್ಲೇ.