ಬಾಯಿಗೆ ಉಪ್ಪು ಹಾಕುವ ಅತ್ತೆ

ಸಾಯುವ ಹಿಂದಿನ ಸಂಜೆಯೂ ನಮ್ಮ ಸೋದರತ್ತೆ ಒಬ್ಬ ಹುಡುಗನ ಬಾಯಿಗೆ ಉಪ್ಪು ಹಾಕಿದಳು! ಅಂದು ಬೇರೇನೂ ವಿಶೇಷ ಇರಲಿಲ್ಲ. ಮುಂಜಾನೆ ಜೋಳ ಬೀಸಿದಳು, ಮಧ್ಯಾಹ್ನ ಎಮ್ಮೆಯನ್ನು ಬೈದಳು, ಸಂಜೆ ಉಪ್ಪು ಹಾಕಿದಳು. ನಮ್ಮೂರು ಇರಕಲ್ಲಗಡದಲ್ಲಿ ಅವಳ ಕೈಯಿಂದ ತಪ್ಪಿಸಿಕೊಂಡ ನಾಲಿಗೆಗಳು ಕಡಿಮೆ. ಜನ ಹುಚ್ಚಿ ಅಂದರು. ಅನ್ನಲಿ! ನಾನಂತೂ ಅನ್ನುವುದಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಮುಖ. ಸಿಡುಬು ಬಂದು ಹೋಗುವಾಗ ಗಲ್ಲದ ತುಂಬ ಕುಳಿ ಬಿಟ್ಟುಹೋಗಿತ್ತು. ಶಾಲೆಯಲ್ಲಿ ನನಗೆ 'ಸಾಣಿಗಿ', ಅಂದರೆ ಜರಡಿ, ಎಂದು ಹೆಸರಿಟ್ಟರು. "ಏ ಸಾಣಿಗಿ, ನಮ್ಮವ್ವ ಹಿಟ್ಟು ಸಾಣಿಸಬೇಕಂತ, ಬಾರಲೇ!" ನಿಜಾಮರ ಕಾಲ; ಪಾಠ ಉರ್ದುವಿನಲ್ಲಿ, ಬೈಗುಳ ಮಾತ್ರ ಅಚ್ಚ ಕನ್ನಡದಲ್ಲಿ! ನಾನು ಪಾಟಿ ಹಿಡಿದು ಹೊರಟವನು ಜೋಳದ ಹೊಲದಲ್ಲಿ ಅಡಗಿ ಕೂತು ಸಂಜೆ ಮನೆಗೆ ಬರತೊಡಗಿದೆ. ಅಪ್ಪನಿಗೆ ಗೊತ್ತಾಯಿತು.

"ಸಾಲಿ ಬಿಡಿಸಿ ದನಾ ಕಾಯಾಕ ಹಚ್ಚತೀನಿ."

"ಬಿಡಿಸು ನೋಡೋಣ, ಅಣ್ಣಾ! ನಾ ಹೋಗಿ ಅವನ ಜಾಗಾದಾಗ ಕುಂದರತೀನಿ" ಎಂದಳು ಅತ್ತೆ.

ಮರುದಿನ ನನ್ನ ಕೈ ಹಿಡಿದು ಶಾಲೆಗೆ ನಡೆದೇಬಿಟ್ಟಳು. ಮಾಸ್ತರರು ಗಾಬರಿಯಾದರು. "ಹುಡುಗರು ನಗತಾರಂತ ಇವನ್ನ ಹಿಂದ ಕುಂದರಿಸೀನ್ರಿ ಯವ್ವಾ."

"ನಗಾವರನ್ನ ಹಿಂದ ಕುಂದರಸ್ರಿ. ನನ್ನ ಕೂಸು ಮುಂದ ಕುಂದರಲಿ!"

"ಸಾಲಿಗೆ ಕಾಯ್ದೆ ಐತ್ರಿ."

"ಕಾಯ್ದೆ ನಿಮ್ದು, ಉಪ್ಪು ನಂದು" ಎಂದು ಸೆರಗಿನ ಗಂಟು ಬಿಚ್ಚಿ ಅವರ ಅಂಗೈಗೆ ಒಂದು ಹರಳು ಇಟ್ಟಳು! ಪಾಪ, ತಿನ್ನದೆ ಏನು ಮಾಡಿಯಾರು?

ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಎಂದು ಎಲ್ಲರೂ ಹೇಳುತ್ತಾರೆ. ಅತ್ತೆ ಹೇಳುತ್ತ ಕೂರಲಿಲ್ಲ, ಉಣ್ಣಿಸಿದಳು. ಅಣಕಿಸಿದವರನ್ನು ಒಬ್ಬೊಬ್ಬರನ್ನಾಗಿ ಹಿಡಿದಳು. ಹುಡುಗರು ನಮ್ಮ ಓಣಿಯಲ್ಲಿ ಆಕಳಿಸುವುದನ್ನೇ ಬಿಟ್ಟರು! ನನಗೆ ಆ ಹೆಸರಿಟ್ಟ ಗೌಡರ ಮಗ ಮಾತ್ರ ಬಾಯಿ ಬಿಗಿದುಕೊಂಡೇ ಓಡಾಡಿದ. ಅತ್ತೆ ಅವನನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ಕಟ್ಟೆಯ ಮೇಲೆ ಎಳೆ ಹುಣಸೆಕಾಯಿ ಹರವಿಕೊಂಡು ಕೂತಳು. ಅವನು ಬಂದ, ಒಂದು ಕಚ್ಚಿದ, ಕಣ್ಣು ಮುಚ್ಚಿದ.

"ಯವ್ವಾ, ಒಂದು ಹರಳು ಉಪ್ಪು ಕೊಡಬೇ!"

ತಾನೇ ಬೇಡಿ ತಿಂದ! "ಇನ್ನ ನೀನೂ ನಮ್ಮ ಮನಿಯಾವ. ನಮ್ಮ ಹುಡುಗನ್ನ ನೋಡಿಕೋ" ಎಂದಳು. ಮರುದಿನ 'ಸಾಣಿಗಿ' ಅಂದ ಒಬ್ಬನನ್ನು ಅವನೇ ಕೆಡವಿ ಬಡಿದ. ಅತ್ತೆಗೆ ಸಿಟ್ಟು ಬಂತು. "ಬಡಿಯಾಕ ಯಾರ ಹೇಳ್ಯಾರಲೇ? ಕರಕೊಂಡು ಬಾ. ಉಪ್ಪು ಭಾಳ ಐತಿ."

ನಾನು ಶಾಲೆ ಬಿಡಲಿಲ್ಲ. ಇದನ್ನು ಬರೆಯುವಷ್ಟು ಅಕ್ಷರ ಬಂದದ್ದು ಹಾಗೆ.

ಇನ್ನು ಆ ಕೊನೆಯ ಸಂಜೆಯ ಮಾತು. ತಳಕಲ್ಲು ಎಂಬ ಊರಿನಿಂದ ಹೊಸ ಹುಡುಗನೊಬ್ಬ ಶಾಲೆಗೆ ಬಂದಿದ್ದ. ಕಾಲೆಳೆದು ನಡೆಯುತ್ತಿದ್ದ. ನಮ್ಮ ಮನೆಯ ಮುಂದೆಯೇ ನಾನು ಅವನಿಗೆ "ಏ ಕುಂಟ್ಯಾ!" ಎಂದೆ. ಎಲ್ಲರೂ ನಕ್ಕರು. ನಗು ಬೇರೆಯವರ ಮೇಲಿದ್ದರೆ ಎಷ್ಟು ಸಿಹಿ! ಒಳಗೆ ಹೋದರೆ ಅತ್ತೆ ನಿಂತಿದ್ದಳು.

"ಬಾಯಿ ತೆರಿ."

"ಅತ್ತಿ, ನಾ ಈ ಮನಿಯಾವನ ಅಲ್ಲೇನು?"

"ಮನಿಯಾವರಿಗೇ ಮದಲ ಹಾಕಬೇಕಿತ್ತು. ಮರತಿದ್ದೆ." ನನ್ನ ನಾಲಿಗೆಯ ಮೇಲೂ ಹರಳು ಬಿತ್ತು.

ಬೆಳಗಾದಾಗ ಅವಳು ಏಳಲಿಲ್ಲ.

ನಮ್ಮಲ್ಲಿ ಹೂಳುವ ಕುಣಿಗೆ ಉಪ್ಪು ಹಾಕುತ್ತಾರೆ. ಗೌಡರ ಮಗ ಧೋತರದ ಉಡಿಯಲ್ಲಿ ತಂದ. ಅವಳು ಉಪ್ಪು ತಿನ್ನಿಸಿದ ಹುಡುಗರೆಲ್ಲ ಒಂದೊಂದು ಹಿಡಿ ಹಾಕಿದರು. ಮಾಸ್ತರರೂ ಹಾಕಿದರು. ತಳಕಲ್ಲಿನ ಹುಡುಗ ದೂರ ನಿಂತಿದ್ದ. ಹೋಗಿ "ತಪ್ಪಾತೋ" ಎಂದೆ. "ಇರಲಿ ಬಿಡು" ಎಂದ. ನನ್ನ ಹಿಡಿಯ ಉಪ್ಪಿನಲ್ಲಿ ಅರ್ಧ ಅವನಿಗೆ ಕೊಟ್ಟೆ. ಇಬ್ಬರೂ ಹಾಕಿದೆವು.

ಇದನ್ನು ಅತ್ತೆಗೆ ಹೇಳಬೇಕು. ಹೇಳೋಣವೆಂದರೆ ಅತ್ತೆ ಇಲ್ಲ.