ಚಕ್ರದ ಸರಪಳಿಗೆ ಒಂದು ಕೊಸರು

ಹೇಳಿದ ಬೆಲೆಗೇ ಸಾಮಾನು ಕೊಂಡರೆ ನನಗೆ ಮೂರು ದಿನ ಊಟ ರುಚಿಸುವುದಿಲ್ಲ. ಇದನ್ನು ಜಿಪುಣತನ ಎನ್ನುವವರಿದ್ದಾರೆ; ನಾನು ಕಸುಬು ಎನ್ನುತ್ತೇನೆ. ಬರಿಗೈಯಲ್ಲಿ ಕುವೈತಿಗೆ ಬಂದು ಹವಲ್ಲಿಯಲ್ಲಿ ಸಂಸಾರ ಹೂಡಿದವನು ನಾನು. ಮನೆಯ ಫ್ರಿಜ್ಜಿನಿಂದ ಹೆಂಡತಿಯ ಚಪ್ಪಲಿವರೆಗೆ ಎಲ್ಲವೂ ಚೌಕಾಸಿಯ ಫಲ. ನೀವೂ ಕಲಿಯಿರಿ, ಕಷ್ಟವೇನಿಲ್ಲ. ಬೆಲೆ ಕೇಳಿ ನಕ್ಕು, ‘ಖಲಾಸ್’ ಎಂದು ಬೆನ್ನು ತಿರುಗಿಸಿ ನಡೆಯಬೇಕು, ಅಷ್ಟೆ. ಹವಲ್ಲಿಯಲ್ಲಿ ನಾಲ್ಕನೇ ಹೆಜ್ಜೆಗೆ ಅಂಗಡಿಯವನು ಭಾಯಿ ಭಾಯಿ ಎಂದು ಕೂಗುತ್ತಾನೆ. ಆರನೇ ಹೆಜ್ಜೆ ಇಡಬೇಕಾಗಿ ಬಂದವರನ್ನು ನಾನು ಕಂಡಿಲ್ಲ.

ತೊಂಬತ್ತರ ಜನವರಿಯ ರಜೆಯಲ್ಲಿ ಹೆಂಡತಿ ಶಾರದಾ ಮತ್ತು ಹತ್ತು ವರ್ಷದ ಮಗಳು ನೀತಾಳನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು, ಸ್ವಿಟ್ಜರ್ಲೆಂಡಿನಿಂದ ಆಲ್ಪ್ಸ್ ದಾಟಿ ಇಟಲಿಗೆ ಹೊರಟೆ. ರೈಲೇ ವಾಸಿ ಎಂದು ಶಾರದಾ ಬಡಕೊಂಡಿದ್ದಳು, ಕಾರು ಅಗ್ಗವಾಗಿತ್ತು. ಮರುದಿನ ಸಂಜೆ ರೋಮಿನಿಂದ ಕುವೈತಿಗೆ ವಿಮಾನ. ಅದು ತಪ್ಪಿದರೆ ರಜೆ ಮೀರಿ ಕೆಲಸಕ್ಕೇ ಸಂಚಕಾರ. ಸಿಂಪ್ಲನ್ ಘಾಟಿಯ ಬುಡದಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ಮೇಲೆ ಹಿಮ ಬೀಳುತ್ತಿದೆ, ಜಾರದಂತೆ ಚಕ್ರಕ್ಕೆ ಸರಪಳಿ ಸುತ್ತದೆ ಬಿಡುವುದಿಲ್ಲ, ಎರಡು ಗಂಟೆಗೆ ದಾರಿಯನ್ನೇ ಮುಚ್ಚುತ್ತೇವೆ ಎಂದ. ಆಗಲೇ ಒಂದೂಕಾಲು.

ಸರಪಳಿ ಪಕ್ಕದ ಪೆಟ್ರೋಲ್ ಬಂಕಿನಲ್ಲೇ ಇತ್ತು. ಮಾರುತ್ತಿದ್ದವಳು ಅರವತ್ತು ದಾಟಿದ ಒಬ್ಬ ಅಜ್ಜಿ. ಬೆಲೆ ಹೇಳಿದಳು. ನಾನು ನಕ್ಕೆ, ಬೆನ್ನು ತಿರುಗಿಸಿದೆ, ನಡೆದೆ. ನಾಲ್ಕು ಹೆಜ್ಜೆ. ಹತ್ತು. ಮೂವತ್ತಕ್ಕೆ ಬೂಟಿನೊಳಗೆ ಹಿಮ ಇಳಿಯಿತು. ಶಾರದಾ ಕಾರಿನ ಗಾಜು ಇಳಿಸಿದಳು.

“ರೀ, ಇದು ಹವಲ್ಲಿ ಅಲ್ಲ. ಆಯಮ್ಮ ಕರೆಯಲ್ಲ, ನೀವೇ ಬಂದ್ಬಿಡಿ.”

“ಡ್ಯಾಡಿ, ಜಸ್ಟ್ ಪೇ ಹರ್” ಎಂದಳು ನೀತಾ, ಯಾರೋ ಗುರುತಿಲ್ಲದ ಗಂಡಸಿಗೆ ಹೇಳುವಂತೆ.

ಮರಳಿ ಬಂದೆ. ಅದೇ ಬೆಲೆ. ಕೊಟ್ಟೆ. ಆದರೆ ಸೋಲೊಪ್ಪಲಿಲ್ಲ. ಬೆಲೆ ಇಳಿಯದಿದ್ದಲ್ಲಿ ಕೊಸರು ಕೇಳಬೇಕು. ನಮ್ಮ ಮೈಸೂರಿನಲ್ಲಿ ಸೊಪ್ಪಿನವಳು ಕೂಡ ಮೇಲಿಂದ ನಾಲ್ಕು ಎಳೆ ಕೊತ್ತಂಬರಿ ಹಾಕುತ್ತಾಳೆ. ಕೊಸರಿಗೆ ಜರ್ಮನ್ನಿನಲ್ಲಿ ಏನನ್ನುತ್ತಾರೋ! ಸರಪಳಿ ತೋರಿಸಿ, ಚಕ್ರ ತೋರಿಸಿ, ಅಂಗೈ ಚಾಚಿ ನಿಂತೆ. ಅಜ್ಜಿ ಕದಲಲಿಲ್ಲ. ಶಾರದಾ ಇಳಿದು ಬಂದು ಕೋಡುಬಳೆ ಡಬ್ಬಿ ತೆರೆದು ಹಿಡಿದಳು. ಅಜ್ಜಿ ಒಂದನ್ನು ಕಚ್ಚಿದಳು, ಎರಡನ್ನು ಜೇಬಿಗೆ ಇಳಿಸಿದಳು, ಹಿಮದಲ್ಲಿ ಮಂಡಿಯೂರಿ ಹತ್ತೇ ನಿಮಿಷದಲ್ಲಿ ತಾನೇ ಸರಪಳಿ ಬಿಗಿದಳು. ನನಗೋ ಅದರ ತಲೆ ಯಾವುದು, ಬುಡ ಯಾವುದು ಗೊತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಕೊಸರು ಯಾರಿಗೆ ಸಿಕ್ಕಿದೆ, ಹೇಳಿ.

ಎರಡಕ್ಕೆ ಐದು ನಿಮಿಷ ಇರುವಾಗ ಪೊಲೀಸಿನವನನ್ನು ದಾಟಿದೆವು. ಬಿಳಿ ಗೋಡೆಗಳ ನಡುವೆ ಕಾರು ಕಚಕಚನೆ ಹಿಮ ಕಚ್ಚಿಕೊಂಡು ಏರಿತು, ಇಳಿಯಿತು. ಇಟಲಿ! ಬಿಸಿಲು, ಒಣರಸ್ತೆ. ರೋಮಿನ ವಿಮಾನ ಇನ್ನು ನಮ್ಮದೇ. ಒಣರಸ್ತೆಯಲ್ಲಿ ಸರಪಳಿ ಧಡಧಡ ಬಡಿಯತೊಡಗಿದಾಗಲೇ ಹೊಳೆದದ್ದು, ಅದನ್ನು ಬಿಚ್ಚುವುದು ಹೇಗೆಂದು ನಾನು ಕೇಳಿಕೊಂಡಿರಲಿಲ್ಲ. ಮೊದಲ ಊರಿನಲ್ಲಿ ಜನ ಬಾಲ್ಕನಿಗಳಿಗೆ ಬಂದು ನೋಡಿದರು. ಗೆದ್ದು ಬಂದ ಶಾಸಕನಂತೆ ಎರಡೂ ಕಡೆ ಕೈ ಬೀಸಿದೆ. ಎರಡನೇ ಊರಿನಲ್ಲಿ ಮೆಕ್ಯಾನಿಕ್ ಒಬ್ಬ ನಡುರಸ್ತೆಗೇ ಓಡಿಬಂದು ಕಾರು ನಿಲ್ಲಿಸಿದ. ನಾನು ಬಾಯಿ ತೆರೆಯುವ ಮೊದಲೇ ಸರಪಳಿ ಬಿಚ್ಚಿ ಡಿಕ್ಕಿಗೆ ಎಸೆದ. ಒಂದು ಲೀರಾ ಕೂಡ ಮುಟ್ಟಲಿಲ್ಲ. ನನ್ನ ಜೀವಮಾನದ ಅತಿ ಅಗ್ಗದ ವ್ಯವಹಾರ ಅದು. ಅವನಿಗೆ ನನ್ನ ಸದ್ದು ಅಡಗಿದರೆ ಸಾಕಾಗಿತ್ತು.